ದ್ರವದಲ್ಲಿ ಮುಳುಗಿಸಿ ವಿದ್ಯುತ್ ಉಪಕರಣಗಳನ್ನು ತಂಪುಗೊಳಿಸುವ ವಿಧಾನ: ಊರಿನ ಟಿ.ಸಿ.ಯಿಂದ ಗಣಕಯಂತ್ರದವರೆಗೆ

(ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಅರ್ಜಿದಾರರಿಗೆ ಹಾಗೂ ಸಾರ್ವಜನಿಕರಿಗೆ ಮಾಹಿತಿ)

ಪೀಠಿಕೆ

ಗದಗ ಜಿಲ್ಲೆಯ ರೋಣ, ನರಗುಂದ ಹಾಗೂ ಮೊದಲು ರೋಣ ತಾಲ್ಲೂಕಿನ ಭಾಗವಾಗಿದ್ದ ಗಜೇಂದ್ರಗಡ ತಾಲ್ಲೂಕುಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ ನಿಯಮಿತ, ಅಂದರೆ ಹೆಸ್ಕಾಂ, ವಿದ್ಯುತ್ ಪೂರೈಸುತ್ತದೆ. ಹೊಸ ಸಂಪರ್ಕ, ಹೆಚ್ಚುವರಿ ಭಾರದ ಮಂಜೂರಾತಿ, ಸುಟ್ಟುಹೋದ ವಿತರಣಾ ಪರಿವರ್ತಕದ ಬದಲಾವಣೆ ಮೊದಲಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಬೇಸಿಗೆಯಲ್ಲಿಯೇ ಟಿ.ಸಿ. ಏಕೆ ಹೆಚ್ಚು ಸುಡುತ್ತದೆ? ಟಿ.ಸಿ. ನಡೆಯುತ್ತಿರುವಾಗ ಅದರ ಮೇಲೆ ಇನ್ನೊಂದು ಪಂಪ್‌ಸೆಟ್‌ಗೆ ಅನುಮತಿ ನೀಡಲು ಏಕೆ ಹಿಂಜರಿಯಲಾಗುತ್ತದೆ? ಅದರೊಳಗಿನ ಎಣ್ಣೆಯ ಕೆಲಸವೇನು?

ಈ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ವಿಷಯದಲ್ಲಿ ಅಡಗಿದೆ. ಅದು ಶಾಖ. ವಿದ್ಯುತ್ ಹರಿಯುವ ಎಲ್ಲ ಉಪಕರಣಗಳಲ್ಲಿಯೂ ಶಾಖ ಉತ್ಪತ್ತಿಯಾಗುತ್ತದೆ. ಆ ಶಾಖವನ್ನು ಹೊರಹಾಕದಿದ್ದಲ್ಲಿ ಉಪಕರಣವು ಹಾಳಾಗುತ್ತದೆ. ಉಪಕರಣವನ್ನೇ ದ್ರವದಲ್ಲಿ ಮುಳುಗಿಸಿ ಶಾಖವನ್ನು ಹೊರತೆಗೆಯುವುದು ನೂರು ವರ್ಷಗಳಿಗೂ ಹಳೆಯದಾದ ವಿಧಾನವಾಗಿದ್ದು, ಹೊಲದ ಬದುವಿನಲ್ಲಿ ನಿಂತಿರುವ ಟಿ.ಸಿ. ಅದರ ನಿತ್ಯದ ಉದಾಹರಣೆಯಾಗಿದೆ. ಪಹಣಿ, ಪ್ರಮಾಣಪತ್ರ ಮುಂತಾದ ಗಣಕೀಕೃತ ಸೇವೆಗಳನ್ನು ಒದಗಿಸುವ ಸರ್ವರ್‌ಗಳಂತಹ ವಿದ್ಯುನ್ಮಾನ ಯಂತ್ರಗಳಿಗೂ ಇದೇ ವಿಧಾನವು ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಹಲವೆಡೆ ಅನ್ವಯವಾಗುತ್ತಿದೆ. ಅಲ್ಲಿ ದ್ರವವನ್ನು ಬಿಸಿಮಾಡುವುದು ಮಾತ್ರವಲ್ಲದೆ ಉದ್ದೇಶಪೂರ್ವಕವಾಗಿ ಕುದಿಸಲಾಗುತ್ತದೆ. ಈ ಎರಡೂ ವ್ಯವಸ್ಥೆಗಳನ್ನು ಸರಳವಾಗಿ ವಿವರಿಸಿ, ನಾಗರಿಕರು ಅನುಸರಿಸಬೇಕಾದ ಕ್ರಮಗಳನ್ನು ತಿಳಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

1. ಪರಿವರ್ತಕದ ಒಳಗೆ ಏನಿದೆ?

ವಿತರಣಾ ಪರಿವರ್ತಕವು 11,000 ವೋಲ್ಟ್ ಒತ್ತಡದ ವಿದ್ಯುತ್ತನ್ನು ಪಂಪ್‌ಸೆಟ್ ಹಾಗೂ ಮನೆಗಳ ಬಳಕೆಗೆ ತಕ್ಕ 433 ವೋಲ್ಟ್ ಒತ್ತಡಕ್ಕೆ ಇಳಿಸುತ್ತದೆ. ಗ್ರಾಮೀಣ ಪ್ರದೇಶಗಳಲ್ಲಿ 25, 63 ಮತ್ತು 100 ಕೆ.ವಿ.ಎ. ಸಾಮರ್ಥ್ಯದ ಪರಿವರ್ತಕಗಳು ಸಾಮಾನ್ಯ. ಅದರ ಉಕ್ಕಿನ ತೊಟ್ಟಿಯೊಳಗೆ ಮೂರು ಮುಖ್ಯ ಭಾಗಗಳಿರುತ್ತವೆ.

- ತೆಳುವಾದ ಉಕ್ಕಿನ ಹಾಳೆಗಳನ್ನು ಜೋಡಿಸಿ ಮಾಡಿದ ತಿರುಳು.
- ತಿರುಳಿನ ಸುತ್ತ ಸುತ್ತಿದ, ಕಾಗದದ ಹೊದಿಕೆಯುಳ್ಳ ತಾಮ್ರ ಅಥವಾ ಅಲ್ಯೂಮಿನಿಯಂ ತಂತಿಯ ಸುರುಳಿಗಳು.
- ಇವೆರಡನ್ನೂ ಪೂರ್ಣವಾಗಿ ಮುಳುಗಿಸಿರುವ ಖನಿಜ ಎಣ್ಣೆ.

ಈ ಎಣ್ಣೆಗೆ ಎರಡು ಕೆಲಸಗಳಿವೆ. ಮೊದಲನೆಯದಾಗಿ, ಅದು ವಿದ್ಯುತ್ ನಿರೋಧಕವಾಗಿದ್ದು ಸುರುಳಿಗಳ ನಡುವೆ ಕಿಡಿ ಹಾರದಂತೆ ತಡೆಯುತ್ತದೆ. ಎರಡನೆಯದಾಗಿ, ಸುರುಳಿ ಮತ್ತು ತಿರುಳಿನಲ್ಲಿ ಹುಟ್ಟಿದ ಶಾಖವನ್ನು ತೊಟ್ಟಿಯ ಗೋಡೆಗೆ ಸಾಗಿಸುತ್ತದೆ. ಒಂದು ಲೀಟರ್ ಎಣ್ಣೆಯು ಒಂದು ಡಿಗ್ರಿ ಬಿಸಿಯಾಗುವಾಗ ಹೀರಿಕೊಳ್ಳುವ ಶಾಖವು ಅಷ್ಟೇ ಪ್ರಮಾಣದ ಗಾಳಿ ಹೀರಿಕೊಳ್ಳುವ ಶಾಖಕ್ಕಿಂತ ಸಾವಿರಕ್ಕೂ ಹೆಚ್ಚು ಪಟ್ಟು ಅಧಿಕ. ಈ ಕಾರಣದಿಂದಲೇ ಗಾಳಿಯ ಬದಲಿಗೆ ಎಣ್ಣೆಯನ್ನು ಬಳಸಲಾಗುತ್ತದೆ.

ಎಣ್ಣೆಯನ್ನು ತಿರುಗಿಸಲು ಪಂಪ್ ಬೇಕಾಗುವುದಿಲ್ಲ. ಬಿಸಿಯಾದ ಎಣ್ಣೆ ಹಗುರವಾಗಿ ಮೇಲಕ್ಕೇರುತ್ತದೆ, ತೊಟ್ಟಿಯ ಹೊರಬದಿಯ ಕೊಳವೆಗಳಲ್ಲಿ ಅಥವಾ ರೆಕ್ಕೆಗಳಲ್ಲಿ ಇಳಿಯುತ್ತಾ ಹೊರಗಿನ ಗಾಳಿಗೆ ಶಾಖವನ್ನು ಬಿಟ್ಟುಕೊಡುತ್ತದೆ, ತಂಪಾಗಿ ಭಾರವಾಗಿ ತಳಕ್ಕೆ ಸೇರಿ ಮತ್ತೆ ಸುರುಳಿಯತ್ತ ಹೋಗುತ್ತದೆ. ಇದನ್ನು ಸಹಜ ಸಂವಹನ ಎನ್ನುತ್ತಾರೆ. ಹಗಲು ರಾತ್ರಿ ಸದ್ದಿಲ್ಲದೆ ನಡೆಯುವ ಈ ಪರಿಚಲನೆಯೇ ಪರಿವರ್ತಕದ ಉಸಿರು ಎಂದರೆ ತಪ್ಪಾಗಲಾರದು.

2. ಭಾರ ಹೆಚ್ಚಿದಾಗ ಶಾಖ ಎಷ್ಟು ಹೆಚ್ಚುತ್ತದೆ?

100 ಕೆ.ವಿ.ಎ. ಪರಿವರ್ತಕವು ಪೂರ್ಣ ಭಾರದಲ್ಲಿ ನಡೆಯುವಾಗ ಅದರ ಮಾದರಿಯನ್ನು ಅನುಸರಿಸಿ ಸುಮಾರು 1,500ರಿಂದ 2,000 ವ್ಯಾಟ್‌ನಷ್ಟು ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ಇದು ಒಂದೆರಡು ನೀರು ಕಾಯಿಸುವ ಕಾಯ್ಲ್‌ಗಳನ್ನು ತೊಟ್ಟಿಯೊಳಗೆ ಸದಾ ಹೊತ್ತಿಸಿಟ್ಟಂತೆ. ತಿರುಳಿನ ನಷ್ಟವು ಭಾರ ಇರಲಿ ಬಿಡಲಿ ಒಂದೇ ಸಮನಾಗಿರುತ್ತದೆ. ಸುರುಳಿಯ ನಷ್ಟವಾದರೋ ಹರಿಯುವ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ವಿದ್ಯುತ್ ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ.

ಉದಾಹರಣೆಗೆ, 7.5 ಅಶ್ವಶಕ್ತಿಯ ಒಂದು ಪಂಪ್‌ಸೆಟ್ ಸುಮಾರು 8 ಕೆ.ವಿ.ಎ. ಭಾರವನ್ನು ಹಾಕುತ್ತದೆ. ಇಂತಹ 12 ಪಂಪ್‌ಸೆಟ್‌ಗಳು ಒಮ್ಮೆಗೇ ನಡೆದರೆ 100 ಕೆ.ವಿ.ಎ. ಪರಿವರ್ತಕದ ಸಾಮರ್ಥ್ಯವು ಬಹುತೇಕ ತುಂಬಿದಂತಾಗುತ್ತದೆ. ಮಂಜೂರಾತಿ ಇಲ್ಲದೆ ಇನ್ನೂ 6 ಪಂಪ್‌ಸೆಟ್‌ಗಳನ್ನು ಜೋಡಿಸಿದಲ್ಲಿ ಭಾರ ಒಂದೂವರೆ ಪಟ್ಟಾಗುತ್ತದೆ. ಆದರೆ ಸುರುಳಿಯ ಶಾಖ ಎರಡೂಕಾಲು ಪಟ್ಟಾಗುತ್ತದೆ. ಮೊದಲು ಸುರುಳಿಯಲ್ಲಿ 1,500 ವ್ಯಾಟ್ ಇದ್ದಲ್ಲಿ ಈಗ ಸುಮಾರು 3,400 ವ್ಯಾಟ್. ತೊಟ್ಟಿ ಅದೇ, ಎಣ್ಣೆ ಅಷ್ಟೇ, ರೆಕ್ಕೆಗಳ ವಿಸ್ತೀರ್ಣವೂ ಅಷ್ಟೇ.

ಹೊರಗಿನ ಗಾಳಿಯು 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಶಾಖವನ್ನು ಹೊರಹಾಕುವುದು ಇನ್ನೂ ಕಷ್ಟ. ಪರಿವರ್ತಕವು ತನ್ನ ಶಾಖವನ್ನು ಬಿಟ್ಟುಕೊಡುವುದು ತನಗಿಂತ ತಂಪಾದ ಗಾಳಿಗೆ ಮಾತ್ರ. ಗಾಳಿಯೇ ಬಿಸಿಯಾಗಿದ್ದಲ್ಲಿ ಎಣ್ಣೆಯ ಉಷ್ಣತೆಯೂ ಅಷ್ಟೇ ಮೇಲಿನಿಂದ ಆರಂಭವಾಗುತ್ತದೆ. ಕೊಳವೆಬಾವಿಗಳ ನೀರಿನ ಮಟ್ಟ ಇಳಿದು ಪಂಪ್‌ಸೆಟ್‌ಗಳು ಹೆಚ್ಚು ಹೊತ್ತು ನಡೆಯುವುದೂ ಇದೇ ತಿಂಗಳುಗಳಲ್ಲಿ. ಬೇಸಿಗೆಯಲ್ಲಿ ಪರಿವರ್ತಕಗಳು ಹೆಚ್ಚು ಸುಡಲು ಇದೇ ಕಾರಣ.

ಸುರುಳಿಯ ಮೇಲಿನ ಕಾಗದದ ಹೊದಿಕೆಯ ಆಯುಷ್ಯವೇ ಪರಿವರ್ತಕದ ಆಯುಷ್ಯ. ಸಾಮಾನ್ಯ ಕಾಗದಕ್ಕೆ ಸುರುಳಿಯ ಅತಿ ಬಿಸಿಯಾದ ಸ್ಥಳದಲ್ಲಿ 98 ಡಿಗ್ರಿ ಉಷ್ಣತೆಯನ್ನು ಅಂತರರಾಷ್ಟ್ರೀಯ ಮಾನಕವು ಆಧಾರವಾಗಿ ಪರಿಗಣಿಸುತ್ತದೆ. ಅದರ ಮೇಲೆ ಪ್ರತಿ 6 ಡಿಗ್ರಿ ಏರಿಕೆಗೆ ಕಾಗದ ಸವೆಯುವ ವೇಗವು ಎರಡು ಪಟ್ಟಾಗುತ್ತದೆ. ಅಂದರೆ 110 ಡಿಗ್ರಿಯಲ್ಲಿ ನಾಲ್ಕು ಪಟ್ಟು, 122 ಡಿಗ್ರಿಯಲ್ಲಿ ಹದಿನಾರು ಪಟ್ಟು. ಅಧಿಕ ಭಾರ ಹೊತ್ತ ಪರಿವರ್ತಕವು ಅದೇ ದಿನ ಸುಡದಿದ್ದರೂ ಒಂದು ಬೇಸಿಗೆಯಲ್ಲಿ ಹಲವು ವರ್ಷಗಳ ಆಯುಷ್ಯವನ್ನು ಕಳೆದುಕೊಂಡಿರುತ್ತದೆ. “ಇಷ್ಟು ದಿನ ನಡೆದಿದೆ, ಇನ್ನೂ ನಡೆಯುತ್ತದೆ” ಎಂಬ ಗ್ರಹಿಕೆಯು ಸರಿಯಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

3. ಬಿಸಿಯಾಗುವುದಕ್ಕೂ ಕುದಿಯುವುದಕ್ಕೂ ಇರುವ ವ್ಯತ್ಯಾಸ

ಪರಿವರ್ತಕದಲ್ಲಿ ಎಣ್ಣೆಯು ಬಿಸಿಯಾಗುತ್ತದೆಯೇ ಹೊರತು ಕುದಿಯುವುದಿಲ್ಲ. ಕುದಿಯುವಿಕೆಯು ಶಾಖವನ್ನು ಸಾಗಿಸುವ ಇನ್ನೊಂದು ಹಾಗೂ ಹೆಚ್ಚು ಪ್ರಬಲವಾದ ಮಾರ್ಗ.

ಜೋಳದ ರೊಟ್ಟಿಗೆ ಎಸರಿಡುವ ಪ್ರತಿ ಮನೆಯಲ್ಲೂ ಇದನ್ನು ಕಾಣಬಹುದು. ಪಾತ್ರೆಯ ನೀರು ಕುದಿಬಿಂದುವನ್ನು ತಲುಪುವವರೆಗೆ ಉಷ್ಣತೆ ಏರುತ್ತಲೇ ಇರುತ್ತದೆ. ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರಿನ ಉಷ್ಣತೆ ಏರುವುದಿಲ್ಲ. ಹೆಚ್ಚುವರಿ ಶಾಖವೆಲ್ಲವೂ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಇದಕ್ಕೆ ಗುಪ್ತೋಷ್ಣ ಎಂದು ಹೆಸರು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಶಾಖ ಸಾಕು. ಅದೇ ನೀರನ್ನು ಕುದಿಬಿಂದುವಿನಲ್ಲಿ ಪೂರ್ಣ ಆವಿಯಾಗಿಸಲು ಸುಮಾರು 2,257 ಕಿಲೋಜೂಲ್ ಬೇಕು. ಇದು ಐದುನೂರು ಪಟ್ಟಿಗೂ ಹೆಚ್ಚು.

ಇದರಿಂದ ಎರಡು ಲಾಭಗಳಿವೆ. ಸ್ವಲ್ಪವೇ ದ್ರವವು ಬಹಳಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ಹಾಗೆಯೇ ದ್ರವದ ಉಷ್ಣತೆಯು ಕುದಿಬಿಂದುವಿನಲ್ಲಿಯೇ ನಿಲ್ಲುವುದರಿಂದ ಅದರಲ್ಲಿ ಮುಳುಗಿದ ವಸ್ತುಗಳೆಲ್ಲವೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತವೆ.

ಮೇಲ್ಮೈಯಿಂದ ಶಾಖ ಸಾಗುವ ಸಾಮರ್ಥ್ಯವನ್ನು ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಇಷ್ಟು ವ್ಯಾಟ್ ಎಂದು ಲೆಕ್ಕ ಹಾಕಲಾಗುತ್ತದೆ. ಸ್ಥೂಲವಾಗಿ ಅಂಕಿಗಳು ಈ ಕೆಳಕಂಡಂತಿವೆ.

- ನಿಶ್ಚಲ ಗಾಳಿ, ಸಹಜ ಸಂವಹನ: 2ರಿಂದ 25
- ಫ್ಯಾನ್‌ನಿಂದ ಬೀಸಿದ ಗಾಳಿ: 25ರಿಂದ 250
- ದ್ರವ, ಸಹಜ ಸಂವಹನ: 50ರಿಂದ 1,000
- ಕುದಿಯುವ ದ್ರವ: 2,500ರಿಂದ 1,00,000

4. ಕುದಿಯುವಿಕೆಯ ಹಂತಗಳು

ಕುದಿಯುವಿಕೆ ಎಂಬುದು ಒಂದೇ ಬಗೆಯ ಕ್ರಿಯೆಯಲ್ಲ. 1934ರಲ್ಲಿ ಜಪಾನಿನ ವಿಜ್ಞಾನಿ ಶಿರೋ ನುಕಿಯಾಮಾ ಅವರು ನೀರಿನಲ್ಲಿ ಮುಳುಗಿಸಿದ ತೆಳುವಾದ ಲೋಹದ ತಂತಿಗೆ ವಿದ್ಯುತ್ ಹರಿಸಿ, ಅದರ ಉಷ್ಣತೆ ಮತ್ತು ಹೊರಬರುವ ಶಾಖವನ್ನು ಅಳೆದು ಈ ಹಂತಗಳನ್ನು ಮೊದಲ ಬಾರಿಗೆ ಗುರುತಿಸಿದರು. ಸಾಮಾನ್ಯ ವಾಯುಒತ್ತಡದಲ್ಲಿ ನೀರಿಗೆ ಸಂಬಂಧಿಸಿದಂತೆ ಈ ಹಂತಗಳು ಹೀಗಿವೆ.

ಮೊದಲನೇ ಹಂತ: ಬಿಸಿ ಮೇಲ್ಮೈಯು ಕುದಿಬಿಂದುವಿಗಿಂತ ಸುಮಾರು 5 ಡಿಗ್ರಿಯವರೆಗೆ ಮೇಲಿದ್ದಾಗ ಗುಳ್ಳೆಗಳು ಮೂಡುವುದು ವಿರಳ. ಶಾಖವು ಸಂವಹನದಿಂದಲೇ ಸಾಗುತ್ತದೆ.

ಎರಡನೇ ಹಂತ: ಸುಮಾರು 5ರಿಂದ 30 ಡಿಗ್ರಿಯವರೆಗೆ ಮೇಲ್ಮೈಯ ಸೂಕ್ಷ್ಮ ಗೀರು, ಕುಳಿಗಳಲ್ಲಿ ಗುಳ್ಳೆಗಳು ಹುಟ್ಟಿ, ಬೆಳೆದು, ಬಿಟ್ಟುಕೊಂಡು ಮೇಲಕ್ಕೇರುತ್ತವೆ. ಪ್ರತಿ ಗುಳ್ಳೆಯೂ ಗುಪ್ತೋಷ್ಣವನ್ನು ಹೊತ್ತೊಯ್ಯುತ್ತದೆ. ಅದು ಬಿಟ್ಟ ಜಾಗಕ್ಕೆ ತಂಪಾದ ದ್ರವವು ನುಗ್ಗುತ್ತದೆ. ತಂಪುಗೊಳಿಸುವ ಕಾರ್ಯಕ್ಕೆ ಬೇಕಾದ ಹಂತ ಇದೇ.

ಮೂರನೇ ಹಂತ: ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್ ತಲುಪಿದಾಗ ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ದ್ರವವು ಮೇಲ್ಮೈಯನ್ನು ತಲುಪಲು ಅಡ್ಡಿಯಾಗುತ್ತವೆ. ಇದು ಕುದಿಯುವಿಕೆಯ ಗರಿಷ್ಠ ಮಿತಿ.

ನಾಲ್ಕನೇ ಹಂತ: ಮಿತಿಯನ್ನು ದಾಟಿದಲ್ಲಿ ಮೇಲ್ಮೈಗೂ ದ್ರವಕ್ಕೂ ನಡುವೆ ಆವಿಯ ಪೊರೆಯೊಂದು ಆವರಿಸುತ್ತದೆ. ಆವಿಯು ಶಾಖವನ್ನು ಚೆನ್ನಾಗಿ ಸಾಗಿಸುವುದಿಲ್ಲವಾದ್ದರಿಂದ ಮೇಲ್ಮೈಯ ಉಷ್ಣತೆಯು ಕ್ಷಣಗಳಲ್ಲಿ ನೂರಾರು ಡಿಗ್ರಿ ಜಿಗಿಯುತ್ತದೆ. ವಿದ್ಯುತ್ತಿನಿಂದ ಬಿಸಿಯಾಗುವ ತಂತಿಯಾಗಿದ್ದಲ್ಲಿ ಕರಗಿಹೋಗುವ ಸಂಭವವಿದೆ.

ಆವಿಯ ಪೊರೆಯನ್ನು ಕಾಣಲು ಪ್ರಯೋಗಾಲಯ ಬೇಕಿಲ್ಲ. ಸಾಧಾರಣವಾಗಿ ಕಾದ ರೊಟ್ಟಿಯ ಹಂಚಿನ ಮೇಲೆ ನೀರು ಚಿಮುಕಿಸಿದರೆ ಅದು ಚುಂಯ್ ಎಂದು ಸದ್ದು ಮಾಡಿ ಕೂಡಲೇ ಆರಿಹೋಗುತ್ತದೆ. ಹಂಚು ಅತಿಯಾಗಿ ಕಾದಿದ್ದರೆ ಅದೇ ನೀರು ಮಣಿಗಳಂತೆ ಉರುಳಾಡುತ್ತಾ ಬಹಳ ಹೊತ್ತು ಉಳಿಯುತ್ತದೆ. ಹಂಚು ಹೆಚ್ಚು ಬಿಸಿಯಾದರೂ ನೀರು ನಿಧಾನವಾಗಿ ಆರುವುದು ವಿಚಿತ್ರವೆನಿಸಬಹುದು. ಹನಿಯ ಕೆಳಗೆ ಆವಿಯ ಹಾಸಿಗೆ ಉಂಟಾಗಿ ಹಂಚಿಗೆ ಹನಿ ತಾಗದಿರುವುದೇ ಇದಕ್ಕೆ ಕಾರಣ. ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ ಅವರು 1756ರಲ್ಲಿ ಇದನ್ನು ವಿವರಿಸಿದ್ದರಿಂದ ಈ ವಿದ್ಯಮಾನಕ್ಕೆ ಅವರ ಹೆಸರೇ ಬಂದಿದೆ. ರೊಟ್ಟಿ ಬಡಿಯುವ ಮಹಿಳೆಯರು ಹನಿಯ ನಡೆಯನ್ನು ನೋಡಿಯೇ ಉರಿಯನ್ನು ಕಡಿಮೆ ಮಾಡುವುದುಂಟು. ವಿದ್ಯುನ್ಮಾನ ಯಂತ್ರಗಳನ್ನು ರೂಪಿಸುವ ಎಂಜಿನಿಯರುಗಳೂ ಇದೇ ಎಚ್ಚರಿಕೆಯನ್ನು ವಹಿಸಬೇಕಾಗುತ್ತದೆ.

5. ಗಣಕಯಂತ್ರಗಳಿಗೆ ಕುದಿಯುವ ದ್ರವ ಏಕೆ?

ಸರ್ವರ್‌ಗಳಲ್ಲಿರುವ ಸಂಸ್ಕಾರಕಗಳು, ಅಂದರೆ ಚಿಪ್‌ಗಳು, ಗಾತ್ರದಲ್ಲಿ ಚಿಕ್ಕವಾದರೂ ಅತ್ಯಧಿಕ ಶಾಖವನ್ನು ಹೊರಸೂಸುತ್ತವೆ. 1,000 ವ್ಯಾಟ್ ಇಸ್ತ್ರಿ ಪೆಟ್ಟಿಗೆಯ ತಳದ ವಿಸ್ತೀರ್ಣವನ್ನು 200 ಚದರ ಸೆಂಟಿಮೀಟರ್ ಎಂದು ಭಾವಿಸಿದರೆ ಪ್ರತಿ ಚದರ ಸೆಂಟಿಮೀಟರಿಗೆ 5 ವ್ಯಾಟ್ ಆಗುತ್ತದೆ. ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಗಳಿಗೆ ಬಳಸುವ ಎನ್ವಿಡಿಯಾ ಸಂಸ್ಥೆಯ ಎಚ್-100 ಎಂಬ ಚಿಪ್ ಸುಮಾರು 8 ಚದರ ಸೆಂಟಿಮೀಟರ್ ವಿಸ್ತೀರ್ಣದಲ್ಲಿ 700 ವ್ಯಾಟ್‌ವರೆಗೆ ಶಾಖವನ್ನು ಹೊರಸೂಸುತ್ತದೆ. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 86 ವ್ಯಾಟ್. ಇಸ್ತ್ರಿ ಪೆಟ್ಟಿಗೆಗಿಂತ ಹದಿನೇಳು ಪಟ್ಟು. ಇಸ್ತ್ರಿ ಪೆಟ್ಟಿಗೆಯು ಬಟ್ಟೆಯನ್ನು ಸುಡಬಲ್ಲಷ್ಟು ಬಿಸಿಯಾದರೂ ತೊಂದರೆಯಿಲ್ಲ. ಆದರೆ ಚಿಪ್ ಸುಮಾರು 100 ಡಿಗ್ರಿಯೊಳಗೆ ಇರಲೇಬೇಕು. ಇಷ್ಟೊಂದು ಶಾಖವನ್ನು ಫ್ಯಾನ್ ಗಾಳಿಯಿಂದ ಹೊರಹಾಕುವುದು ದಿನೇ ದಿನೇ ದುಬಾರಿಯಾಗುತ್ತಿದೆ.

ಉಪಕರಣಕ್ಕೆ ನೇರವಾಗಿ ನೀರನ್ನು ತಾಗಿಸಲು ಸಾಧ್ಯವಿಲ್ಲ. ಬಳಕೆಯ ನೀರು ವಿದ್ಯುತ್ ವಾಹಕ. ಆದ್ದರಿಂದ ಎರಡು ಮಾರ್ಗಗಳಿವೆ. ಚಿಪ್‌ನ ಮೇಲೆ ಲೋಹದ ತಟ್ಟೆಯನ್ನಿರಿಸಿ ಅದರೊಳಗಿನ ಕೊಳವೆಗಳಲ್ಲಿ ನೀರು ಹರಿಸುವುದು ಒಂದು. ವಿದ್ಯುತ್ ನಿರೋಧಕ ದ್ರವದಲ್ಲಿ ಇಡೀ ಯಂತ್ರವನ್ನು ಮುಳುಗಿಸುವುದು ಇನ್ನೊಂದು. ಅಮೆರಿಕಾದಲ್ಲಿ 1985ರಲ್ಲಿ ಹೊರಬಂದ ಕ್ರೇ-2 ಎಂಬ ಮಹಾಗಣಕದಲ್ಲಿ ವಿದ್ಯುನ್ಮಾನ ಫಲಕಗಳನ್ನು ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿ, ದ್ರವವನ್ನು ಪಂಪ್‌ನಿಂದ ತಿರುಗಿಸಲಾಗುತ್ತಿತ್ತು. 2021ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ವಾಷಿಂಗ್ಟನ್ ರಾಜ್ಯದ ಕ್ವಿನ್ಸಿಯಲ್ಲಿರುವ ತನ್ನ ದತ್ತಾಂಶ ಕೇಂದ್ರದಲ್ಲಿ, 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವದಲ್ಲಿ ಸರ್ವರ್‌ಗಳನ್ನು ಮುಳುಗಿಸಿ ನಡೆಸುತ್ತಿರುವುದಾಗಿ ಪ್ರಕಟಿಸಿತು.

ಈ ವ್ಯವಸ್ಥೆಯ ಕಾರ್ಯವಿಧಾನ ಕೆಳಕಂಡಂತಿರುತ್ತದೆ.

ಅ) ಮುಚ್ಚಿದ ತೊಟ್ಟಿಯಲ್ಲಿ ಸರ್ವರ್‌ಗಳನ್ನು ನಿರೋಧಕ ದ್ರವದಲ್ಲಿ ಮುಳುಗಿಸಲಾಗುತ್ತದೆ.
ಆ) ಬಿಸಿಯಾದ ಚಿಪ್‌ನ ಮೇಲ್ಮೈಯಲ್ಲಿ ದ್ರವವು ಕುದಿದು ಗುಳ್ಳೆಗಳು ಮೇಲಕ್ಕೇರುತ್ತವೆ.
ಇ) ತೊಟ್ಟಿಯ ಮೇಲ್ಭಾಗದಲ್ಲಿರುವ ಕೊಳವೆಗಳೊಳಗೆ ನೀರು ಹರಿಯುತ್ತಿದ್ದು, ಅವುಗಳಿಗೆ ತಾಗಿದ ಆವಿಯು ಮತ್ತೆ ದ್ರವವಾಗುತ್ತದೆ.
ಈ) ಆ ದ್ರವವು ಮಳೆಹನಿಯಂತೆ ತೊಟ್ಟಿಗೆ ಮರಳುತ್ತದೆ. ದ್ರವವನ್ನು ತಿರುಗಿಸಲು ಪಂಪ್ ಬೇಕಾಗುವುದಿಲ್ಲ.

ಇಂತಹ ದ್ರವಗಳ ಪೈಕಿ ಎಫ್.ಸಿ.-72 ಎಂಬುದು 56 ಡಿಗ್ರಿಯಲ್ಲಿಯೂ, ನೊವೆಕ್-649 ಎಂಬುದು 49 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಇವುಗಳ ಗುಪ್ತೋಷ್ಣ ಕಿಲೋಗ್ರಾಂಗೆ ಸುಮಾರು 88 ಕಿಲೋಜೂಲ್ ಮಾತ್ರ. ನೀರಿನ ಇಪ್ಪತ್ತೈದರಲ್ಲಿ ಒಂದು ಪಾಲು. ಹೀಗಾಗಿ 1,000 ವ್ಯಾಟ್ ಶಾಖವನ್ನು ಹೊರತೆಗೆಯಲು ಗಂಟೆಗೆ ಸುಮಾರು 41 ಕಿಲೋಗ್ರಾಂ ದ್ರವವು ಆವಿಯಾಗಿ ಮತ್ತೆ ದ್ರವವಾಗಬೇಕು. ಮುಚ್ಚಳ ಸರಿಯಾಗಿ ಕೂಡದಿದ್ದಲ್ಲಿ ಬೆಲೆಬಾಳುವ ಈ ದ್ರವವು ಸೋರಿಹೋಗುತ್ತದೆ.

ಮೇಲೆ ತಿಳಿಸಿದ ಗರಿಷ್ಠ ಮಿತಿಯು ಇಲ್ಲಿ ಮುಖ್ಯ ತೊಡಕಾಗಿದೆ. ನೀರಿಗೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್ ಇರುವ ಮಿತಿಯು, ಎಫ್.ಸಿ.-72ಕ್ಕೆ ನಯವಾದ ಮೇಲ್ಮೈಯಲ್ಲಿ ಸುಮಾರು 15ರಿಂದ 20 ವ್ಯಾಟ್ ಮಾತ್ರ. 86 ವ್ಯಾಟ್ ಹೊರಸೂಸುವ ಚಿಪ್ಪನ್ನು ನೇರವಾಗಿ ಅದರಲ್ಲಿ ಮುಳುಗಿಸಿದರೆ ಆವಿಯ ಪೊರೆ ಕವಿದು ಚಿಪ್ ಅತಿಯಾಗಿ ಕಾಯುತ್ತದೆ. ಇದಕ್ಕೆ ಪರಿಹಾರವಾಗಿ ಚಿಪ್‌ಗೆ ಅಗಲವಾದ ತಾಮ್ರದ ತಟ್ಟೆಯನ್ನು ಜೋಡಿಸಿ ಶಾಖವನ್ನು ಹರಡಲಾಗುತ್ತದೆ. ಆ ತಟ್ಟೆಯ ಮೇಲೆ ತಾಮ್ರದ ಪುಡಿಯ ಸರಂಧ್ರ ಲೇಪನ ಮಾಡಿ ಗುಳ್ಳೆಗಳು ಹುಟ್ಟಲು ಅಸಂಖ್ಯ ಸೂಕ್ಷ್ಮ ಕುಳಿಗಳನ್ನು ಒದಗಿಸಲಾಗುತ್ತದೆ. ಈ ದ್ರವಗಳು ಮೇಲ್ಮೈಯನ್ನು ಬಹಳ ಚೆನ್ನಾಗಿ ತೋಯಿಸುವುದರಿಂದ ಕುಳಿಗಳೊಳಗೂ ದ್ರವ ತುಂಬಿಕೊಂಡು ಕುದಿಯುವಿಕೆಯು ತಡವಾಗಿ ಆರಂಭವಾಗುವ ತೊಂದರೆಯೂ ಇದೆ. ಸರಂಧ್ರ ಲೇಪನವು ಇದನ್ನೂ ತಗ್ಗಿಸುತ್ತದೆ.

ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ರಾಷ್ಟ್ರೀಯ ಮಹಾಗಣಕ ಅಭಿಯಾನದಡಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ 3.3 ಪೆಟಾಫ್ಲಾಪ್ ಸಾಮರ್ಥ್ಯದ ಮಹಾಗಣಕವನ್ನು ಸ್ಥಾಪಿಸಿದೆ. ಇಂತಹ ಯಂತ್ರಗಳ ಸಂಖ್ಯೆ ಹೆಚ್ಚಿದಂತೆಲ್ಲ ಅವುಗಳನ್ನು ತಂಪಾಗಿಡಲು ಬೇಕಾಗುವ ವಿದ್ಯುತ್ತು ಮತ್ತು ನೀರಿನ ಪ್ರಶ್ನೆಯೂ ದೊಡ್ಡದಾಗುತ್ತದೆ.

6. ಟಿ.ಸಿ.ಯಲ್ಲಿ ಗುಳ್ಳೆ ಏಕೆ ಬೇಡ?

ಕುದಿಯುವಿಕೆಯು ಇಷ್ಟು ಉಪಯುಕ್ತವಾಗಿದ್ದಲ್ಲಿ ಪರಿವರ್ತಕದಲ್ಲೂ ಏಕೆ ಬಳಸಬಾರದೆಂಬ ಪ್ರಶ್ನೆ ಸಹಜ. ಉತ್ತರವು ವಿದ್ಯುತ್ ಒತ್ತಡದಲ್ಲಿದೆ. ಚಿಪ್ ನಡೆಯುವುದು ಸುಮಾರು ಒಂದು ವೋಲ್ಟ್ ಒತ್ತಡದಲ್ಲಿ. ಸುತ್ತಲೂ ಗುಳ್ಳೆಗಳಿದ್ದರೂ ಕಿಡಿ ಹಾರುವ ಭಯವಿಲ್ಲ. ಪರಿವರ್ತಕದಲ್ಲಿ 11,000 ವೋಲ್ಟ್ ಇರುತ್ತದೆ. ಆವಿಯು ಎಣ್ಣೆಯಷ್ಟು ಒತ್ತಡವನ್ನು ತಡೆಯಲಾರದು. ಒಂದು ಗುಳ್ಳೆಯೂ ಕಿಡಿ ಹಾರಲು ದಾರಿಯಾಗಬಹುದು.

ಖನಿಜ ಎಣ್ಣೆಯ ಕುದಿಬಿಂದು ಬಹಳ ಮೇಲಿರುವುದರಿಂದ ಎಣ್ಣೆ ತಾನಾಗಿ ಕುದಿಯುವುದಿಲ್ಲ. ಆದರೆ ಸುರುಳಿಯ ಕಾಗದವು ತೇವಾಂಶವನ್ನು ಹಿಡಿದಿಟ್ಟುಕೊಂಡಿರುತ್ತದೆ. ಕಾಗದದಲ್ಲಿ ಶೇಕಡಾ 2ರಷ್ಟು ತೇವವಿದ್ದು ಸುರುಳಿಯ ಉಷ್ಣತೆ ಸುಮಾರು 140 ಡಿಗ್ರಿ ಮುಟ್ಟಿದರೆ ಆ ನೀರು ಆವಿಯಾಗಿ ಗುಳ್ಳೆಗಳು ಹೊರಬರುವ ಸಂಭವವಿದೆ. ತೇವ ಹೆಚ್ಚಿದ್ದಲ್ಲಿ ಇದಕ್ಕಿಂತ ಕಡಿಮೆ ಉಷ್ಣತೆಯಲ್ಲಿಯೇ ಇದು ಘಟಿಸುತ್ತದೆ. ಅಧಿಕ ಭಾರ ಮತ್ತು ತೇವ ಎರಡೂ ಕೂಡಿದಾಗ ಪರಿವರ್ತಕವು ಸಿಡಿಯುವ ಅಪಾಯ ಇರುವುದು ಈ ಕಾರಣದಿಂದಲೇ.

ತೇವವನ್ನು ತಡೆಯಲು ಎಣ್ಣೆಯ ಶೇಖರಣಾ ಡಬ್ಬಿ ಇರುವ ಪರಿವರ್ತಕಗಳಿಗೆ ಉಸಿರಾಟದ ಕೊಳವೆಯನ್ನು ಅಳವಡಿಸಿ ಅದರಲ್ಲಿ ಸಿಲಿಕಾ ಜೆಲ್ ಹರಳುಗಳನ್ನು ಇಡಲಾಗಿರುತ್ತದೆ. ಒಣಗಿದ ಹರಳುಗಳು ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿದ್ದು, ತೇವ ಹೀರಿದ ಮೇಲೆ ನಸುಗೆಂಪು ಬಣ್ಣಕ್ಕೆ ತಿರುಗುತ್ತವೆ.

7. ದ್ರವಗಳು ಮತ್ತು ಪರಿಸರ

ಕುದಿಸುವ ವಿಧಾನದಲ್ಲಿ ಬಳಸುವ ಫ್ಲೋರಿನ್‌ಯುಕ್ತ ದ್ರವಗಳ ಪೈಕಿ ಹಲವು ಪರಿಸರದಲ್ಲಿ ಬಹುಕಾಲ ಕೊಳೆಯದೆ ಉಳಿಯುವ ರಾಸಾಯನಿಕಗಳ ಗುಂಪಿಗೆ ಸೇರುತ್ತವೆ. ಇವುಗಳ ಪ್ರಮುಖ ತಯಾರಕರಾದ 3ಎಂ ಸಂಸ್ಥೆಯು ಈ ಗುಂಪಿನ ರಾಸಾಯನಿಕಗಳ ತಯಾರಿಕೆಯನ್ನು 2025ರ ಅಂತ್ಯದೊಳಗೆ ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಘೋಷಿಸಿತು. ಇದರಿಂದಾಗಿ ಕುದಿಸದೆ, ಎಣ್ಣೆಯಂತಹ ದ್ರವದಲ್ಲಿ ಮುಳುಗಿಸಿ ತಂಪುಗೊಳಿಸುವ ವಿಧಾನದತ್ತ, ಅಂದರೆ ಊರಿನ ಟಿ.ಸಿ.ಯನ್ನೇ ಹೋಲುವ ವಿಧಾನದತ್ತ, ಹಾಗೂ ತಟ್ಟೆಯಲ್ಲಿ ನೀರು ಹರಿಸುವ ವಿಧಾನದತ್ತ ಉದ್ಯಮದ ಗಮನ ಹರಿದಿದೆ.

ಹಿಂದಿನ ಕಾಲದ ಕೆಲವು ವಿದ್ಯುತ್ ಉಪಕರಣಗಳಲ್ಲಿ ಬಳಕೆಯಲ್ಲಿದ್ದ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷಕಾರಿ ದ್ರವದ ಬಳಕೆಯನ್ನು 2025ರ ಡಿಸೆಂಬರ್ 31ರೊಳಗೆ ಪೂರ್ಣವಾಗಿ ನಿಲ್ಲಿಸುವಂತೆ ಕೇಂದ್ರ ಸರ್ಕಾರವು 2016ರಲ್ಲಿ ಆದೇಶಿಸಿತ್ತು. ಹಳೆಯ ಉಪಕರಣದ ಎಣ್ಣೆ ಯಾವುದೆಂದು ಕಣ್ಣಿನಿಂದ ನೋಡಿ ಗುರುತಿಸಲು ಸಾಧ್ಯವಿಲ್ಲ. ಆದ್ದರಿಂದ ಪರಿವರ್ತಕದ ಎಣ್ಣೆಯನ್ನು ಕೀಲುನೋವಿಗೆ ಹಚ್ಚುವುದು, ಜಾನುವಾರುಗಳ ಗಾಯಕ್ಕೆ ಲೇಪಿಸುವುದು, ದೀಪ ಅಥವಾ ಒಲೆಗೆ ಬಳಸುವುದು ಸರ್ವಥಾ ಸಲ್ಲದು.

8. ನಾಗರಿಕರು ಅನುಸರಿಸಬೇಕಾದ ಕ್ರಮಗಳು

- ಹೊಸ ಪಂಪ್‌ಸೆಟ್ ಜೋಡಿಸುವ ಮುನ್ನ ಅಥವಾ ಮೋಟಾರಿನ ಅಶ್ವಶಕ್ತಿಯನ್ನು ಹೆಚ್ಚಿಸುವ ಮುನ್ನ ಹೆಚ್ಚುವರಿ ಭಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಮೋಟಾರಿನ ನಿಜವಾದ ಅಶ್ವಶಕ್ತಿಯನ್ನೇ ಅರ್ಜಿಯಲ್ಲಿ ನಮೂದಿಸುವುದು. ಎಷ್ಟು ಸಾಮರ್ಥ್ಯದ ಪರಿವರ್ತಕ ಬೇಕೆಂಬುದು ಈ ಅಂಕಿಯನ್ನೇ ಅವಲಂಬಿಸಿರುತ್ತದೆ.
- ಪಂಪ್‌ಸೆಟ್‌ಗೆ ಸೂಕ್ತ ಸಾಮರ್ಥ್ಯದ ಕೆಪಾಸಿಟರ್ ಅಳವಡಿಸುವುದು. ಪವರ್ ಫ್ಯಾಕ್ಟರ್ 0.7ರಿಂದ 0.9ಕ್ಕೆ ಏರಿದರೆ ಅದೇ ಕೆಲಸಕ್ಕೆ ವಿದ್ಯುತ್ ಪ್ರವಾಹವು ಶೇಕಡಾ 22ರಷ್ಟು ಇಳಿಯುತ್ತದೆ. ಸುರುಳಿಯ ಶಾಖವು ಶೇಕಡಾ 40ರಷ್ಟು ತಗ್ಗುತ್ತದೆ.
- ಒಂದೇ ಟಿ.ಸಿ.ಯ ಮೇಲಿರುವ ರೈತರು ಪರಸ್ಪರ ಮಾತನಾಡಿಕೊಂಡು ಸರದಿಯಂತೆ ಪಂಪ್‌ಸೆಟ್ ನಡೆಸುವುದು. ವಿದ್ಯುತ್ ಬಂದ ಕೂಡಲೇ ಎಲ್ಲ ಮೋಟಾರುಗಳೂ ಒಮ್ಮೆಗೇ ಚಾಲನೆಯಾದಲ್ಲಿ ಪರಿವರ್ತಕದ ಮೇಲೆ ಹೆಚ್ಚಿನ ಒತ್ತಡ ಬೀಳುತ್ತದೆ.
- ತೊಟ್ಟಿಯ ಮೇಲೆ ಎಣ್ಣೆ ಜಿನುಗಿದ ಗುರುತು, ನೆಲದ ಮೇಲೆ ಎಣ್ಣೆಯ ಕಲೆ ಕಂಡುಬಂದಲ್ಲಿ ತಕ್ಷಣ ತಿಳಿಸುವುದು. ಎಣ್ಣೆಯ ಮಟ್ಟ ಇಳಿದರೆ ಪರಿಚಲನೆ ನಿಲ್ಲುತ್ತದೆ. ಸುರುಳಿಯ ಮೇಲ್ಭಾಗವು ಎಣ್ಣೆಯಿಂದ ಹೊರಬೀಳುವ ಅಪಾಯವೂ ಇದೆ.
- ಎಣ್ಣೆ ಕಳವು ಮಾಡುವವರು ಕಂಡುಬಂದಲ್ಲಿ ಪೊಲೀಸರಿಗೆ ಮಾಹಿತಿ ನೀಡುವುದು. ಕೆಲವೇ ಲೀಟರ್ ಎಣ್ಣೆಗಾಗಿ ಇಡೀ ಊರಿನ ಬೆಳೆ ಒಣಗುವ ಸ್ಥಿತಿ ಬರುತ್ತದೆ.
- ತೊಟ್ಟಿಯ ರೆಕ್ಕೆಗಳಿಗೆ ಬಳ್ಳಿ ಹಬ್ಬಿದ್ದರೆ, ಪಕ್ಕದಲ್ಲಿ ಕಣಿಕೆ ಬಣವೆ ಒಟ್ಟಿದ್ದರೆ ಗಾಳಿಯಾಡುವುದಿಲ್ಲ. ಬೆಂಕಿಯ ಭಯವೂ ಇರುತ್ತದೆ. ಬಣವೆಯನ್ನು ದೂರದಲ್ಲಿ ಒಟ್ಟುವುದು. ಬಳ್ಳಿಯನ್ನು ತಾವಾಗಿ ತೆಗೆಯದೆ ಸಿಬ್ಬಂದಿಗೆ ತಿಳಿಸುವುದು.
- ದೂರು ನೀಡುವಾಗ ಆರ್.ಆರ್. ಸಂಖ್ಯೆ, ಗ್ರಾಮ, ಪರಿವರ್ತಕ ಇರುವ ಸ್ಥಳ ಹಾಗೂ ಅದರ ಮೇಲೆ ಬರೆದಿರುವ ಸಂಖ್ಯೆಯನ್ನು ತಿಳಿಸುವುದು. ಸಹಾಯವಾಣಿ ಸಂಖ್ಯೆ 1912.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಸಿಯಾದ ಟಿ.ಸಿ.ಯ ಮೇಲೆ ನೀರು ಸುರಿದು ತಂಪು ಮಾಡಬಹುದೇ?
ಉತ್ತರ: ಖಂಡಿತವಾಗಿ ಕೂಡದು. ನೀರಿನ ಧಾರೆಯ ಮೂಲಕ ವಿದ್ಯುತ್ ಹರಿದು ಪ್ರಾಣಾಪಾಯ ಸಂಭವಿಸಬಹುದು. ಭಾರವನ್ನು ಇಳಿಸುವುದೇ ಸರಿಯಾದ ಪರಿಹಾರ. ಪಂಪ್‌ಸೆಟ್‌ಗಳನ್ನು ನಿಲ್ಲಿಸಿ ಸಿಬ್ಬಂದಿಗೆ ತಿಳಿಸತಕ್ಕದ್ದು.

ಪ್ರಶ್ನೆ: ಎಣ್ಣೆ ಕಡಿಮೆಯಾಗಿದ್ದಲ್ಲಿ ರೈತರೇ ಹಣ ಕೂಡಿಸಿ ಎಣ್ಣೆ ತಂದು ಹಾಕಬಹುದೇ?
ಉತ್ತರ: ಹಾಕಬಾರದು. ಪರಿವರ್ತಕದ ಎಣ್ಣೆಯು ಶುದ್ಧವಾಗಿಯೂ ಒಣಗಿಯೂ ಇರಬೇಕು. ಭಾರತೀಯ ಮಾನಕದ ಪರೀಕ್ಷೆಯಲ್ಲಿ 2.5 ಮಿಲಿಮೀಟರ್ ಅಂತರದಲ್ಲಿ ಅದು ಹತ್ತಾರು ಸಾವಿರ ವೋಲ್ಟ್ ಒತ್ತಡವನ್ನು ತಡೆಯಬೇಕಾಗುತ್ತದೆ. ಎಣ್ಣೆಯಲ್ಲಿ ಸೇರಿದ ಅಲ್ಪ ತೇವವೂ ಈ ಶಕ್ತಿಯನ್ನು ಬಹಳವಾಗಿ ತಗ್ಗಿಸುತ್ತದೆ.

ಪ್ರಶ್ನೆ: ಟಿ.ಸಿ.ಯಿಂದ ಗುಂಯ್‌ಗುಡುವ ಸದ್ದು ಬರುತ್ತದೆ. ಎಣ್ಣೆ ಕುದಿಯುತ್ತಿದೆಯೇ?
ಉತ್ತರ: ಒಂದೇ ಸಮನಾದ ಗುಂಯ್ ಸದ್ದು ಉಕ್ಕಿನ ತಿರುಳಿನ ಕಂಪನದ್ದಾಗಿದ್ದು ಸಹಜವಾಗಿರುತ್ತದೆ. ಚಟಪಟ ಸದ್ದು, ಗುಳುಗುಳು ಸದ್ದು, ಸುಟ್ಟ ವಾಸನೆ ಅಥವಾ ಹೊಗೆ ಕಂಡುಬಂದಲ್ಲಿ ದೂರ ಸರಿದು 1912ಕ್ಕೆ ಕರೆ ಮಾಡುವುದು.

ಪ್ರಶ್ನೆ: ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೂ ಇಂತಹ ವ್ಯವಸ್ಥೆ ಇರುತ್ತದೆಯೇ?
ಉತ್ತರ: ಇರುತ್ತದೆ. ಗಾಳಿಯಂತ್ರವು ಉತ್ಪಾದಿಸಿದ ವಿದ್ಯುತ್ತಿನ ಒತ್ತಡವನ್ನು ಏರಿಸಲು ಪರಿವರ್ತಕ ಬೇಕು. ಅನೇಕ ಮಾದರಿಗಳಲ್ಲಿ ವಿದ್ಯುನ್ಮಾನ ನಿಯಂತ್ರಣ ಘಟಕಗಳನ್ನೂ ಕೊಳವೆಗಳಲ್ಲಿ ಹರಿಯುವ ದ್ರವದಿಂದ ತಂಪುಗೊಳಿಸಲಾಗುತ್ತದೆ.

ಪ್ರಶ್ನೆ: ಮನೆಯ ಗಣಕಯಂತ್ರವನ್ನು ಎಣ್ಣೆಯಲ್ಲಿ ಮುಳುಗಿಸಬಹುದೇ?
ಉತ್ತರ: ಮುಳುಗಿಸಬಾರದು. ಇದಕ್ಕಾಗಿಯೇ ರೂಪಿಸಿದ ಯಂತ್ರ, ದ್ರವ ಮತ್ತು ತೊಟ್ಟಿ ಅವಶ್ಯ. ಗಾಳಿಯಾಡುವ ಜಾಗದಲ್ಲಿಟ್ಟು ಧೂಳು ತೆಗೆಯುವುದೇ ಮನೆಯ ಗಣಕಯಂತ್ರಕ್ಕೆ ಸಾಕಾಗುತ್ತದೆ.

10. ಉಪಸಂಹಾರ

ಹೊಲದ ಟಿ.ಸಿ.ಯೇ ಆಗಲಿ, ನಗರದ ದತ್ತಾಂಶ ಕೇಂದ್ರದ ಸರ್ವರ್ ಆಗಲಿ, ದ್ರವವು ಶಾಖವನ್ನು ಹೊರಗೆ ಸಾಗಿಸುವುದಕ್ಕೆ ಒಂದು ಮಿತಿ ಇದೆ. ಸರ್ವರ್‌ನಲ್ಲಿ ಆ ಮಿತಿಯನ್ನು ಮಾಪಕಗಳು ಕಾಯುತ್ತವೆ. ಅತಿಯಾಗಿ ಬಿಸಿಯಾದಾಗ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೊಲದ ಟಿ.ಸಿ.ಗೆ ಅಂತಹ ಶಕ್ತಿ ಇಲ್ಲ. ತನ್ನ ಮೇಲೆ ಹೊರಿಸಿದ ಭಾರವನ್ನು ಅದು ಸುಡುವವರೆಗೂ ಹೊರುತ್ತದೆ. ಅದರ ಮಿತಿಯನ್ನು ಕಾಯಬೇಕಾದವರು ಅದನ್ನು ಬಳಸುವ ನಾಗರಿಕರು ಮತ್ತು ಅದನ್ನು ನಿರ್ವಹಿಸುವ ಸಿಬ್ಬಂದಿ. ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಭಾರದ ನಿಜವಾದ ವಿವರಗಳೊಂದಿಗೆ ಅರ್ಜಿ ಸಲ್ಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.